ಒಂಬತ್ತರಲ್ಲೇ ನಿಂತ ಗಡಿಯಾರ

ಸರ್ವಮಂಗಳ ಟೀಚರ್ ಮನೆಯಿಂದ ಹೊರಟರೆ ಚಿಲಕವನ್ನು ಒಮ್ಮೆ ಎಳೆದು ನೋಡಿ ಸುಮ್ಮನಾಗುವವರಲ್ಲ. ಗೇಟಿನ ತನಕ ಹೋಗಿ, ಅಲ್ಲಿಂದ ವಾಪಸ್ ಬಂದು, ಇನ್ನೊಮ್ಮೆ ಎಳೆದು ನೋಡುವವರು. ಗ್ಯಾಸ್ ಆರಿಸಿದೆನಾ, ಮೋಟಾರ್ ಸ್ವಿಚ್ ತೆಗೆದೆನಾ, ಮಲಗಿದ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟರೆ ಬಿಸಿಯುಸಿರು ತಾಕುತ್ತದಾ, ದಿನವಿಡೀ ಇದೇ ಜಪ. ಶಿಕಾರಿಪುರದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟ ಮನೆಗೆ ಅವರು ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆ ಅಕ್ಕನಾಗಮ್ಮ ಬೀದಿಯವರಿಗೆಲ್ಲ ಹೇಳಿದ್ದರು: "ದಾವಣಗೆರೆಯಾಗ ಓದಿದ ಹುಡುಗಿ, ಗಟ್ಟಿಗಿತ್ತಿ ಇರ್ತಾಳ ಅಂದ್ಕಂಡಿದ್ದೆ. ಇದು ನೋಡಿದ್ರ ಗುಬ್ಬಿ ಎದಿ!"

ಆದರೆ ಈ ಗುಬ್ಬಿ ಎದೆಯವರ ಬಾಯಿಗೆ ಸೀಟಿ ಬಂದರೆ ಮಾತು ಬೇರೆ. ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವರು, ಆಮೇಲೆ ಹೈಸ್ಕೂಲಿನಲ್ಲಿ ಪಿಟಿ ಟೀಚರ್ ಆದವರು, ರೆಫ್ರಿ ಪರೀಕ್ಷೆಯನ್ನೂ ಪಾಸು ಮಾಡಿದವರು. ಸಿಮೆಂಟ್ ಕೋರ್ಟಿನ ಗೆರೆಯೊಳಗೆ ಕಾಲಿಟ್ಟರೆ ಅವರ ಹೆದರಿಕೆಯೆಲ್ಲ ಗೆರೆಯ ಆಚೆ ನಿಲ್ಲುತ್ತಿತ್ತು. ಅಲ್ಲಿ ಯಾವುದನ್ನೂ ವಾಪಸ್ ಬಂದು ಎಳೆದು ನೋಡಲಿಕ್ಕೆ ಪುರುಸೊತ್ತಿಲ್ಲ. ಕಂಡಿತೋ, ಊದಬೇಕು. ಕಾಣಲಿಲ್ಲವೋ, ಆಟ ಮುಂದೆ ಹೋಗಬೇಕು. ಜೀವನದಲ್ಲಿ ತನ್ನ ಮೇಲೆ ತನಗೆ ನಂಬಿಕೆ ಇರುವ ಜಾಗ ಅದೊಂದೇ ಎಂದು ಅವರು ಗಂಡನ ಹತ್ತಿರ ಹೇಳಿಕೊಂಡದ್ದೂ ಉಂಟು.

ಬಸುರಾದ ಮೇಲೆ ಸೀಟಿ ಬೀರು ಸೇರಿತು. ಶರಣ್ಯ ಹುಟ್ಟಿದಳು. ಕೂಸು ಈಗ ಮನೆಯೆಲ್ಲ ಅಂಬೆಗಾಲಿಟ್ಟು ಕಂಡದ್ದನ್ನೆಲ್ಲ ಬಾಯಿಗಿಡುವಷ್ಟು ದೊಡ್ಡದಾಗಿದೆ. ಆದರೆ ಹೆರಿಗೆಯಾದಾಗಿನಿಂದ ಟೀಚರಿಗೆ ಹೊತ್ತಿನ ಲೆಕ್ಕವೇ ತಪ್ಪಿಹೋಗಿತ್ತು. ಈಗ ತಾನೇ ಒಲೆಯ ಮೇಲಿಟ್ಟೆ ಅಂದುಕೊಂಡ ಹಾಲು ಸೀದು ಪಾತ್ರೆ ಕರಿಯಾಗಿರುತ್ತಿತ್ತು. ಒಂದು ಗಳಿಗೆ ಕಣ್ಣು ಮುಚ್ಚಿದೆ ಅಂದುಕೊಂಡರೆ ಹೊರಗೆ ಬಿಸಿಲು ಇಳಿದಿರುತ್ತಿತ್ತು. ನಿದ್ದೆಗೆಟ್ಟ ತಾಯಂದಿರಿಗೆಲ್ಲ ಹೀಗೇ ಎಂದು ಡಾಕ್ಟರು ನಕ್ಕರು. ಟೀಚರಿಗೆ ನಗು ಬರಲಿಲ್ಲ. ಕ್ಷಣ ಯಾವುದು, ನಿಮಿಷ ಯಾವುದು ಅಂತಲೇ ತಿಳಿಯದವಳು ರೆಫ್ರಿ ಹೇಗಾದಾಳು?

ಅಂಥ ಹೊತ್ತಿನಲ್ಲೇ ಸೊರಬದ ಗಂಗಾಧರಪ್ಪನವರ ಫೋನು ಬಂತು. ಈ ಕಡೆಯ ಹಳೆಯ ರೆಫ್ರಿ ಅವರು. ವಿಭಾಗ ಮಟ್ಟದ ಪಂದ್ಯಾವಳಿಗೆ ರೆಫ್ರಿಯಾಗಿ ಯಾರ ಹೆಸರು ಹೋಗಬೇಕು ಎಂದು ಹೇಳುವವರೂ ಅವರೇ.

"ಹೆಣ್ಮಕ್ಕಳ ಪೈಕಿ ಒಬ್ಬರ ಹೆಸರು ಕೇಳಿದ್ದಾರೆ ಮಾರಾಯ್ರೆ. ನಿಮ್ಮದು ಕಳಿಸಬಹುದಾ ಅಂತ ನೋಡ್ಬೇಕು. ಶಿಕಾರಿಪುರದ ಹುಡುಗಿಯರು ನಮ್ಮೂರಿಗೆ ಆಡಕ್ಕೆ ಬರ್ತಾರಲ್ಲ, ಅವತ್ತು ಮುಖ್ಯ ರೆಫ್ರಿ ನೀವು. ಜೊತೆಗೆ ನಾನಿರ್ತೀನಿ. ನೋಡಿ ಹೇಳ್ತೀನಿ."

ನೋಡಿ ಹೇಳ್ತೀನಿ! ಆ ಮಾತು ಟೀಚರ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಹೆಸರು ಹೋದರೆ ಸರಿ, ತಾನು ಮೊದಲಿನವಳೇ. ಹೋಗದಿದ್ದರೆ? ಆಗ ಊರಿನವರು ಏನಂದಾರು ಎನ್ನುವುದಕ್ಕಿಂತ, ತನಗೆ ತಾನೇ ಏನು ಹೇಳಿಕೊಳ್ಳಲಿ ಎನ್ನುವುದು ಅವರ ಚಿಂತೆ.

ಆಟದ ದಿನ ಅತ್ತೆಯೂ ಕೂಸೂ ಜೊತೆಗೆ ಹೊರಟರು, ಹಾಲು ಕುಡಿಯುವ ಮಗುವನ್ನು ಬಿಟ್ಟು ಹೋಗುವುದು ಹೇಗೆ? ಸೊರಬದ ಬಸ್ಸಿನಲ್ಲಿ ಅಕ್ಕನಾಗಮ್ಮನವರ ತೊಡೆಯ ಮೇಲೆ ಮೊಮ್ಮಗಳು, ಕಾಲ ಬುಡದಲ್ಲಿ ಫ್ಲಾಸ್ಕು, ರಾಗಿ ಸರಿಯ ಡಬ್ಬಿ, ಬಟ್ಟೆಯ ಚೀಲ. ಟೀಚರು ನಿಯಮದ ಪುಸ್ತಕವನ್ನು ಮೊಬೈಲಿನಲ್ಲಿ ತಿರುವುತ್ತ ತುಟಿ ಅಲ್ಲಾಡಿಸುತ್ತಿದ್ದರು.

"ಅದೇನವ್ವ ಮಂತ್ರ ಹೇಳ್ದಂಗ ಹೇಳ್ತಿ?"

"ಇಪ್ಪತ್ತನಾಲ್ಕು ಸೆಕೆಂಡಿನ ನಿಯಮ ಅತ್ತೆ. ಚೆಂಡು ಸಿಕ್ಕಿದ ತಂಡ ಇಪ್ಪತ್ತನಾಲ್ಕು ಸೆಕೆಂಡಿನೊಳಗೆ ಬುಟ್ಟಿಗೆ ಎಸೀಬೇಕು. ಇಲ್ಲಾಂದ್ರೆ ಚೆಂಡು ಎದುರಿನವರಿಗೆ. ಅದಕ್ಕೇ ಬೇರೆ ಗಡಿಯಾರ ಇರುತ್ತೆ."

"ಹಿಡ್ಕಂಡು ಕುಂದ್ರಬಾರದು ಅಂತ! ಛಲೋ ಐತಲ್ಲ. ನಮ್ಮನಿ ಟಿವಿ ರಿಮೋಟಿಗೂ ಅಂಥದ್ದೊಂದು ತಂದಿಡು, ನಿನ್ನ ಗಂಡನ ಕೈಯಿಂದ ಬಿಡಿಸಾಕ."

ಟೀಚರಿಗೆ ಆಗಲೂ ನಗು ಬರಲಿಲ್ಲ.

ಸೊರಬದ ಮೈದಾನಕ್ಕೆ ಬಂದದ್ದೇ ತಡ, ಅವರು ಎಲ್ಲವನ್ನೂ ಪರೀಕ್ಷೆ ಮಾಡಲು ಶುರುವಿಟ್ಟರು. ರಿಂಗಿನ ಬಲೆ ಎಳೆದರು, ಚೆಂಡು ಪುಟಿಸಿದರು, ಗೆರೆಯ ಸುಣ್ಣ ಮುಟ್ಟಿದರು. ಕೊನೆಗೆ ಮೇಜಿನ ಹತ್ತಿರ ಬಂದರು. ಅಲ್ಲಿ ಇಬ್ಬರು. ಆಟದ ಒಟ್ಟು ಸಮಯ ನೋಡುವವನು ಮಾಲತೇಶ್, ಕೊರಳಿಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡ ಕಾಲೇಜು ಗುಮಾಸ್ತ. ಇಪ್ಪತ್ತನಾಲ್ಕು ಸೆಕೆಂಡಿನ ಗಡಿಯಾರಕ್ಕೆ ಮಹೇಶ್ವರಪ್ಪ, ನಿವೃತ್ತ ಡ್ರಾಯಿಂಗ್ ಮಾಸ್ತರು. ಗಡಿಯಾರ ಅಂದರೆ ಊರಿನ ಟಿವಿ ರಿಪೇರಿಯವನು ಕಟ್ಟಿಕೊಟ್ಟ ಒಂದು ಮರದ ಪೆಟ್ಟಿಗೆ. ಮುಂದೆ ಕೆಂಪು ಅಂಕಿ, ಹಿಂದೆ ಮನೆಬಾಗಿಲ ಬೆಲ್ಲಿನಂಥ ಗುಂಡಿ. ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ಅಂಕಿ ಇಳಿಯುತ್ತದೆ, ಬೆರಳು ತೆಗೆದರೆ ಇದ್ದಲ್ಲೇ ನಿಲ್ಲುತ್ತದೆ, ಸೊನ್ನೆಗೆ ಬಂದರೆ ಕಿರ್ರೆನ್ನುತ್ತದೆ.

"ಮಾಸ್ತರೇ, ಮಧ್ಯದಲ್ಲಿ ಬೆರಳು ಜಾರಿದರೆ?"

"ಎಂತಕ್ಕೆ ಜಾರುತ್ತೆ ಟೀಚರ್? ಸೊಳ್ಳೆ ಕಚ್ಚಿದ್ರೂ ತೆಗಿಯಲ್ಲ. ನೀವು ಸುಮ್ನೆ ಹೆದರ್ಬೇಡಿ."

ಆಟ ಶುರುವಾಯಿತು. ಮೊದಲ ಸೀಟಿ ಊದಿದಾಗ ಟೀಚರ ತುಟಿ ಒಣಗಿತ್ತು. ಎರಡನೆಯದಕ್ಕೆ ಕೈ ತಾನಾಗಿ ಮೇಲೆದ್ದಿತು. ಮೂರನೇ ಪಾಳಿಯ ಹೊತ್ತಿಗೆ ಅವರ ಕಾಲು ಹಳೆಯ ದಾರಿ ಹಿಡಿದಿತ್ತು. ಗಂಗಾಧರಪ್ಪ ಕೋರ್ಟಿನ ಆ ಬದಿಯಿಂದ ಒಮ್ಮೆ ತಲೆ ಆಡಿಸಿದರು. ಮೆಚ್ಚಿಗೆಯೋ, ನೊಣ ಓಡಿಸಿದರೋ? ಅದನ್ನೂ ಟೀಚರು ಓಡುತ್ತಲೇ ಯೋಚಿಸಿದರು.

ಕೊನೆಗೆ ಆಟ ಕತ್ತಿಯ ಅಂಚಿಗೆ ಬಂದು ನಿಂತಿತು. ಶಿಕಾರಿಪುರ ಒಂದೇ ಅಂಕ ಮುಂದೆ. ಸೊರಬದವರು ಟೈಮ್ ಔಟ್ ತೆಗೆದುಕೊಂಡರು. ಮಾಲತೇಶ್ ಎಲ್ಲರಿಗೂ ಕೇಳುವ ಹಾಗೆ ಕೂಗಿದ: "ಉಳಿದಿದ್ದು ನಲವತ್ತೆಂಟು ಸೆಕೆಂಡು!" ಚೆಂಡು ಸೊರಬದ್ದು. ಪೆಟ್ಟಿಗೆಯ ಮೇಲೆ ಇಪ್ಪತ್ತನಾಲ್ಕು. ಟೀಚರು ಊದಿದರು, ಚೆಂಡು ಒಳಗೆ ಬಂತು, ಎರಡೂ ಗಡಿಯಾರ ಒಟ್ಟಿಗೆ ಹೊರಟವು.

ಸೊರಬದ ಹುಡುಗಿಯರು ಅವಸರ ಮಾಡಲಿಲ್ಲ. ಕೈಯಿಂದ ಕೈಗೆ ಚೆಂಡು ದಾಟಿಸುತ್ತ ಸಂದಿ ಹುಡುಕುತ್ತಿದ್ದರು. ಅವರ ನಾಯಕಿ ಕುಬಟೂರಿನ ರಮ್ಯ, ನೀಳ ಜಡೆಯನ್ನು ಎರಡು ಸುತ್ತು ಸುತ್ತಿ ಕಟ್ಟಿದ ಹುಡುಗಿ, ಕಣ್ಣಂಚಿನಲ್ಲಿ ಕೆಂಪು ಅಂಕಿ ನೋಡಿಕೊಂಡೇ ಆಡುತ್ತಿದ್ದಳು.

ಆಗಲೇ ಗೇಟಿನಲ್ಲಿ ಚಿಕ್ಕಬೀರಪ್ಪ ಮೇಷ್ಟ್ರು ಕಾಣಿಸಿಕೊಂಡರು. ಅರ್ಧ ಸೊರಬಕ್ಕೆ ಅಕ್ಷರ ಕಲಿಸಿದ ಹಣ್ಣು ಮುದುಕರು. ಬಹುಮಾನ ಕೊಡಲು ಕರೆದಿದ್ದರು, ಬರುವುದು ತಡವಾಗಿತ್ತು. ಇಬ್ಬರ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ನಡೆದು ಬಂದರು. ಯಾರೂ ಹೇಳಲಿಲ್ಲ, ಕೇಳಲಿಲ್ಲ. ಆಟ ನೋಡುತ್ತಿದ್ದವರೆಲ್ಲ ಸಾಲುಸಾಲಾಗಿ ಎದ್ದು ನಿಂತು ಕೈ ಮುಗಿದರು.

ಟೀಚರ ಕಣ್ಣು ಪೆಟ್ಟಿಗೆಯ ಮೇಲೆ ಹೋಯಿತು. ಒಂಬತ್ತು. ಆಟಗಾರ್ತಿಯರ ಕಡೆ ತಿರುಗಿದರು. ಚೆಂಡು ಎಡದಿಂದ ಬಲಕ್ಕೆ ಹೋಯಿತು, ಬಲದಿಂದ ನಡುವಿಗೆ ಬಂತು. ಮತ್ತೆ ನೋಡಿದರು. ಒಂಬತ್ತು.

ಎದೆ ಝಲ್ಲೆಂದಿತು. ಸೀಟಿ ಹಲ್ಲಿನ ನಡುವೆಯೇ ಇತ್ತು. ಒಂದು ಉಸಿರು ಬಿಟ್ಟಿದ್ದರೆ ಸಾಕಿತ್ತು. ಅಷ್ಟರಲ್ಲಿ ಕೂಸು ಎಲ್ಲೋ ಅತ್ತ ಹಾಗಾಯಿತು, ಸೀದ ಹಾಲಿನ ಪಾತ್ರೆ ಕಣ್ಣ ಮುಂದೆ ಬಂತು. ಇಲ್ಲ, ಒಂದೇ ಸೆಕೆಂಡಿನಲ್ಲಿ ಎರಡು ಸಲ ನೋಡಿರಬೇಕು. ನನ್ನ ತಲೆಯೇ ಹೀಗಾಗಿದೆಯಲ್ಲ. ಗಡಿಯಾರ ಸರಿಯಾಗಿಯೇ ಇದ್ದು ನಾನು ಆಟ ನಿಲ್ಲಿಸಿಬಿಟ್ಟರೆ? ಸೊರಬದವರ ದಾಳಿ ನಡುವಿನಲ್ಲೇ ಮುರಿದು ಹೋಗುತ್ತದಲ್ಲ? ಗಂಗಾಧರಪ್ಪ ನೋಡುತ್ತಿದ್ದಾರೆ.

ಮೇಷ್ಟ್ರು ಕುರ್ಚಿಯಲ್ಲಿ ಕೂತರು, ಜನ ಕೂತರು. ಎಂಟು, ಏಳು, ಆರು. ರಮ್ಯ ನೆಗೆದಳು, ಎಸೆದಳು. ಚೆಂಡು ರಿಂಗಿನ ಅಂಚು ತಾಕಿ, ಒಂದು ಸುತ್ತು ಸುತ್ತಿ, ಒಳಗೆ ಬಿತ್ತು. ಮಾಲತೇಶ್ ಸ್ಟಾಪ್‌ವಾಚ್ ಒತ್ತಿದ. ಮೈದಾನ ಕುಣಿದೆದ್ದಿತು.

"ಟೀಚರ್!" ಶಿಕಾರಿಪುರದ ಕೋಚ್ ಬಂಗಾರಪ್ಪ ಟವೆಲ್ ಬೀಸುತ್ತ ಓಡಿ ಬಂದರು. "ಇದೇನ್ರೀ ಅನ್ಯಾಯ! ಅವರ ಕೈಯಾಗ ಚೆಂಡಿಗೆ ಗಡ್ಡ ಬಂತಲ್ರೀ! ಇಪ್ಪತ್ನಾಕು ಸೆಕೆಂಡು ಅಂದ್ರ ಇಷ್ಟುದ್ದ ಇರ್ತದೇನು?"

ಟೀಚರು ಆಟ ನಿಲ್ಲಿಸಿ ಮೇಜಿನ ಹತ್ತಿರ ನಡೆದರು. ಗಂಗಾಧರಪ್ಪ ಚೆಂಡು ಬಗಲಲ್ಲಿಟ್ಟುಕೊಂಡು ಬಂದು ಪಕ್ಕದಲ್ಲಿ ನಿಂತರು.

"ಮಾಸ್ತರೇ, ಪೆಟ್ಟಿಗೆ ನಿಂತಿತ್ತಾ?"

ಮಹೇಶ್ವರಪ್ಪನವರ ಮುಖದ ರಕ್ತವೇ ಇಂಗಿಹೋಗಿತ್ತು. "ಮೇಷ್ಟ್ರು ಬಂದ್ರಲ್ಲ... ಎದ್ದು ನಿಂತೆ."

"ಬೆರಳು?"

ಅವರು ತಮ್ಮ ಎರಡು ಅಂಗೈಗಳನ್ನೂ ಬೇರೆ ಯಾರದ್ದೋ ಎಂಬಂತೆ ನೋಡಿಕೊಂಡರು. "ಒಂದೇ ಕೈಲಿ ಹೆಂಗೆ ಟೀಚರ್ ನಮಸ್ಕಾರ ಮಾಡೋದು?"

ಹಿಂದೆ ಯಾರೋ ಕಿಸಕ್ಕೆಂದರು. ಟೀಚರು ಮಾಲತೇಶನ ಕಡೆ ತಿರುಗಿದರು. "ನೀನೂ ಎದ್ದಿದ್ದೆಯಾ?"

"ಎದ್ದಿದ್ದೆ ಟೀಚರ್. ನಮಸ್ಕಾರಾನೂ ಮಾಡಿದೆ. ಆದ್ರೆ ವಾಚು ಅಂಗೈ ಮಧ್ಯದಲ್ಲೇ ಇತ್ತು, ಓಡ್ತಾನೇ ಇತ್ತು." ತೋರಿಸಿದ. ಉಳಿದದ್ದು ಇಪ್ಪತ್ತೊಂದು.

ನಲವತ್ತೆಂಟರಲ್ಲಿ ಇಪ್ಪತ್ತೊಂದು ಹೋದರೆ ಇಪ್ಪತ್ತೇಳು. ಚೆಂಡು ಗಾಳಿಯಲ್ಲಿದ್ದದ್ದು, ರಿಂಗಿನ ಮೇಲೆ ಸುತ್ತಿದ್ದು ಎಲ್ಲ ಸೇರಿ ಹೆಚ್ಚೆಂದರೆ ಒಂದೂವರೆ ಸೆಕೆಂಡು. ಅಂದರೆ ಪೆಟ್ಟಿಗೆ ನಿಲ್ಲದೇ ಇದ್ದಿದ್ದರೆ ರಮ್ಯ ಎಸೆಯುವ ಮೊದಲೇ ಕಿರ್ರೆನ್ನಬೇಕಿತ್ತು. ಅಂಗೈಯ ನಡುವೆ ವಾಚಿನ ಗುಂಡಿಯೂ ಒಮ್ಮೆ ಅಮುಕಿ ನಿಂತು ಹೊರಟಿದ್ದರೆ? ಟೀಚರ ತಲೆ ಅದನ್ನೂ ಕೆದಕಿತು. ನಿಂತಿದ್ದರೆ ನಿಜವಾಗಿ ಕಳೆದ ಹೊತ್ತು ಇನ್ನೂ ಜಾಸ್ತಿಯಾಯಿತೇ ಹೊರತು ಕಮ್ಮಿಯಾಗದು. ಹೇಗೆ ನೋಡಿದರೂ ತಡವೇ. ನಿಯಮದಲ್ಲಿ ಇರುವುದೂ ಇದೇ: ಗಡಿಯಾರ ತಪ್ಪಿದ್ದು ಬುಟ್ಟಿ ಬಿದ್ದ ಮೇಲೆ ತಿಳಿದರೆ, ತಪ್ಪದೇ ಇದ್ದಿದ್ದರೆ ಗಂಟೆ ಯಾವಾಗ ಹೊಡೆಯುತ್ತಿತ್ತು, ಅಷ್ಟರೊಳಗೆ ಚೆಂಡು ಕೈಬಿಟ್ಟಿತ್ತಾ ಎಂದು ರೆಫ್ರಿ ತೀರ್ಮಾನಿಸಬೇಕು.

"ಹೇಳಿ," ಎಂದರು ಗಂಗಾಧರಪ್ಪ ತಣ್ಣಗೆ. "ಮುಖ್ಯ ರೆಫ್ರಿ ನೀವು."

ಸೊರಬದ ಮೈದಾನ, ಸೊರಬದ ಜನ, ಹೆಸರು ಕಳಿಸಬೇಕಾದವರೂ ಸೊರಬದವರೇ. ಟೀಚರು ಕಣ್ಣು ಮುಚ್ಚಿ ತೆರೆದರು. ಎರಡೂ ಕೈ ಅಡ್ಡ ಬೀಸಿದರು. "ಬುಟ್ಟಿ ಇಲ್ಲ. ಚೆಂಡು ಶಿಕಾರಿಪುರಕ್ಕೆ."

ಬೈಗುಳ ಆಲಿಕಲ್ಲಿನಂತೆ ಬಿತ್ತು. "ಶಿಕಾರಿಪುರದ ಸೊಸೆ ಅಲ್ವಾ, ಗಂಡನ ಊರಿಗೇ ತೀರ್ಪು!" "ಮೇಷ್ಟ್ರ ಎದುರೇ ಮೋಸ!" ಕುರ್ಚಿಯಲ್ಲಿದ್ದ ಮುದುಕರು ಪಕ್ಕದವರನ್ನು ಕೇಳುತ್ತಿದ್ದರು: "ಎಂತಾಯ್ತೋ? ನಾನು ಬಂದಿದ್ದೇ ತಪ್ಪಾಯ್ತಾ?" ಗಂಗಾಧರಪ್ಪ ಜನರ ಕಡೆ ತಿರುಗಿ, "ತೀರ್ಪು ಸರಿಯಾಗಿದೆ. ಕೂತ್ಕೊಳ್ಳಿ ಮಾರಾಯ್ರೆ!" ಎಂದು ಗದರಿದ ಮೇಲೆ ಗದ್ದಲ ಸ್ವಲ್ಪ ಇಳಿಯಿತು.

ಇಳಿಯದೆ ಉಳಿದದ್ದು ರಮ್ಯಳ ಮುಖ. ಅವಳು ಕಿರುಚಲಿಲ್ಲ. ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಆರು ಇತ್ತು ಟೀಚರ್. ನಾನು ನೋಡೇ ಹಾಕಿದ್ದು."

ಟೀಚರು ಚೆಂಡು ಇಸಿದುಕೊಂಡು ಶಿಕಾರಿಪುರದವರಿಗೆ ಕೊಟ್ಟು ಊದಿದರು. ಉಳಿದ ಸೆಕೆಂಡುಗಳನ್ನು ಶಿಕಾರಿಪುರದವರು ಚೆಂಡು ದಾಟಿಸುತ್ತಲೇ ಕಳೆದರು. ಒಂದು ಅಂಕದಿಂದ ಗೆದ್ದರು.

ಜನ ಚದುರಿದ ಮೇಲೆ ಗಂಗಾಧರಪ್ಪ ಸಿಮೆಂಟ್ ಕಟ್ಟೆಯ ಮೇಲೆ ಕೂತು ಶೂ ದಾರ ಬಿಚ್ಚುತ್ತ ಕರೆದರು. ಟೀಚರು ಪಕ್ಕದಲ್ಲಿ ನಿಂತರು, ಕೂರಲಿಲ್ಲ.

"ಪೆಟ್ಟಿಗೆ ನಿಂತಿದ್ದು ನಿಮಗೆ ಆಗಲೇ ಕಂಡಿತ್ತಾ?"

ಇಲ್ಲ ಅಂದರೆ ಮುಗಿಯುತ್ತಿತ್ತು. ಅವರ ಕಣ್ಣು ಎಲ್ಲಿತ್ತು ಎಂದು ಸಾಕ್ಷಿ ಹೇಳುವವರು ಯಾರೂ ಇರಲಿಲ್ಲ. ತೀರ್ಪು ಹೇಗೂ ಸರಿಯಾಗಿತ್ತು, ಹೆಸರೂ ಹೋಗಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದು "ಇಲ್ಲ" ಎಂಬುದೇ. ಅದರ ಹಿಂದೆಯೇ ಆ ಹುಡುಗಿಯ "ನೋಡೇ ಹಾಕಿದ್ದು" ಬಂತು.

"ಕಂಡಿತ್ತು ಸರ್. ಎರಡು ಸಲ ನೋಡಿದೆ. ಎರಡೂ ಸಲ ಒಂಬತ್ತು."

"ಮತ್ತೆ ಎಂತಕ್ಕೆ ಊದ್ಲಿಲ್ಲ?"

"ನಿಂತಿರೋದು ಗಡಿಯಾರ ಅಲ್ಲ, ನನ್ನ ತಲೆ ಅಂದ್ಕೊಂಡೆ."

ಗಂಗಾಧರಪ್ಪ ದಾರದ ಗಂಟು ಬಿಡಿಸುತ್ತಲೇ ಹೇಳಿದರು. "ಆಗಲೇ ಊದಿದ್ರೆ ಎಂತಾಗ್ತಿತ್ತು ಗೊತ್ತಲ್ಲ? ಆಟ ನಿಲ್ತಿತ್ತು, ಅಂಕಿ ಸರಿ ಮಾಡ್ತಿದ್ವಿ, ಚೆಂಡು ನಮ್ಮ ಹುಡುಗಿಯರ ಹತ್ರಾನೇ ಉಳೀತಿತ್ತು. ಉಳಿದ ನಾಲ್ಕೈದು ಸೆಕೆಂಡಲ್ಲಿ ರಮ್ಯ ಹಾಕ್ತಿದ್ದಳೋ ಬಿಡ್ತಿದ್ದಳೋ, ಅದು ಅವಳ ಹಣೆಬರಹ. ಈಗ ಅದು ನಮ್ಮಿಂದ ಹೋಯ್ತು. ಆಡೋ ಮಕ್ಕಳು ಕೆಂಪು ಅಂಕಿ ನಂಬಿ ಆಡ್ತಾವೆ ಟೀಚರ್. ಅದು ಸುಳ್ಳು ಅಂತ ಕಂಡವರು ಬಾಯಿ ಮುಚ್ಕೊಂಡ್ರೆ ಅವು ಎಲ್ಲಿಗೆ ಹೋಗ್ಬೇಕು?"

ಗಂಗಾಧರಪ್ಪ ಒಂದು ಶೂ ಕಳಚಿ ಪಕ್ಕಕ್ಕಿಟ್ಟರು.

"ನಾನೆಂತ ಮಾಡ್ತಿದ್ದೆ ಅಂತ ಕೇಳಲ್ವಾ? ನಾನು ಪೆಟ್ಟಿಗೆ ನೋಡಲೇ ಇಲ್ಲ. ಮೇಷ್ಟ್ರು ಎಡವ್ತಾರೇನೋ ಅಂತ ಅವರನ್ನೇ ನೋಡ್ತಿದ್ದೆ. ಹಂಗಾಗಿ ನಿಮ್ಮನ್ನ ಬೈಯೋ ಮುಖ ನನಗಿಲ್ಲ. ಆದ್ರೆ ಹೆಸರು ಈ ಸಲ ಕಳಿಸಲ್ಲ."

ಭೂಮಿ ಬಾಯಿ ಬಿಡುತ್ತದೆ ಎಂದುಕೊಂಡಿದ್ದರು. ಬಿಡಲಿಲ್ಲ. ಎದೆಯಲ್ಲಿ ಹಾಲು ಕಟ್ಟಿ ನೋಯುತ್ತಿತ್ತು. ಅಷ್ಟೇ ಆಗ ಗೊತ್ತಾದದ್ದು. ಮರದ ನೆರಳಿನಲ್ಲಿ ಕೂತಿದ್ದ ಅತ್ತೆಯ ಹತ್ತಿರ ಹೋಗಿ, ಶಾಲು ಹೊದ್ದು, ಕೂಸಿಗೆ ಹಾಲೂಡಿಸಿದರು.

"ಏನಂದ್ರು?"

"ಈ ಸಲ ಇಲ್ಲವಂತೆ."

"ಮತ್ತ ಮುಂದಿನ ಸಲ?"

"ಹೇಳಲಿಲ್ಲ."

"ನೀ ಕೇಳಿದೇನು?"

"ಇಲ್ಲ."

"ಕೇಳಬೇಕಲ್ಲವ್ವ! ಬಾಯಿಗೆ ಸೀಟಿ ಕೊಟ್ಟಾರ, ಮಾತು ಕೊಟ್ಟಿಲ್ಲೇನು?" ಅಕ್ಕನಾಗಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟರು. ಟೀಚರು "ಅತ್ತೆ, ಅತ್ತೆ, ಬೇಡ" ಎನ್ನುತ್ತಿದ್ದ ಹಾಗೇ ಕಟ್ಟೆಯ ಮುಂದೆ ಹೋಗಿ ನಿಂತರು.

"ಏನ್ರೀ ಗಂಗಾಧರಪ್ಪನೋರೆ, ನನ್ನ ಸೊಸಿ ಗಡಿಯಾರ ನಿಲ್ಲಿಸಿದ್ಲೇನು?"

"ಇಲ್ಲಮ್ಮ."

"ಸುಳ್ಳು ಹೇಳಿದ್ಲೇನು?"

"ಅದೂ ಇಲ್ಲ. ನೋಡಿದ ಮೇಲೆ ಊದ್ಬೇಕಿತ್ತು, ಊದ್ಲಿಲ್ಲ."

ಅಕ್ಕನಾಗಮ್ಮ ಸ್ವಲ್ಪ ಯೋಚನೆ ಮಾಡಿದರು. "ಹಂಗಂದ್ರ ಅದು ತಪ್ಪೇ ಐತಿ ಬಿಡ್ರಿ," ಎಂದರು. "ಆದ್ರ ತಪ್ಪಂದು ಮನ್ಯಾಗ ಕುಂದ್ರಿಸಿದ್ರ ಊದೋದು ಕಲಿಯೋದ್ಯಾವಾಗ? ಮನ್ಯಾಗ ಊದಿದ್ರ ಕೂಸು ಏಳ್ತದ."

ಗಂಗಾಧರಪ್ಪ ಅವತ್ತು ಮೊದಲ ಸಲ ನಕ್ಕರು. ಭಾನುವಾರ ಬೆಳಗ್ಗೆ ಇಲ್ಲೇ ಹುಡುಗಿಯರ ಅಭ್ಯಾಸದ ಆಟ ಇರುತ್ತದೆ, ಊದಲು ಬರುವುದಾದರೆ ಬರಲಿ, ದುಡ್ಡೂ ಇಲ್ಲ, ಶಾಲೂ ಇಲ್ಲ ಎಂದರು. ಮುಂದಿನ ವರ್ಷದ ಮಾತು ಎತ್ತಲಿಲ್ಲ.

ಆ ವಾರವೆಲ್ಲ ಟೀಚರಿಗೆ ಒಂದೇ ಯೋಚನೆ. ಹೋಗಬೇಕಾ, ಬೇಡವಾ? ರಮ್ಯಳ ಮುಖ ನೋಡುವುದು ಹೇಗೆ? ಬಸ್ಸಿನಲ್ಲಿ ಕೂಸಿಗೆ ಶೀತವಾದರೆ? ಹೋಗದಿರಲು ನೂರು ಕಾರಣ ಕೈಗೆ ಸಿಕ್ಕವು. ಭಾನುವಾರ ಚಿಲಕವನ್ನು ಎರಡು ಸಲ ಎಳೆದು ನೋಡಿ ಹೋದರು.

ಮೊದಲು ಮಾಡಿದ ಕೆಲಸ ಹುಡುಗಿಯರನ್ನು ಸುತ್ತ ನಿಲ್ಲಿಸಿಕೊಂಡದ್ದು. "ರಮ್ಯ, ಅವತ್ತು ಪೆಟ್ಟಿಗೆ ನಿಂತದ್ದು ನನಗೆ ಕಂಡಿತ್ತು. ಊದಬೇಕಿತ್ತು, ಊದಲಿಲ್ಲ. ಆ ಬುಟ್ಟಿ ನಾನು ತೆಗೆದದ್ದು ಸರಿ, ಆದರೆ ನಿನ್ನ ಅವಕಾಶ ಹೋಗಿದ್ದು ನನ್ನಿಂದ," ಎಂದರು. ಅಷ್ಟು ಹೇಳುವಷ್ಟರಲ್ಲಿ ಕಂಕುಳು ಬೆವತಿತ್ತು.

ರಮ್ಯ ನೆಲ ನೋಡಿದಳು. "ಅವತ್ತೇ ಹೇಳಿದ್ರೆ ನಾನು ಅಷ್ಟು ಅಳ್ತಿರ್ಲಿಲ್ಲ ಟೀಚರ್," ಎಂದಳು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ಚೆಂಡು ತೆಗೆದುಕೊಂಡು ಕೋರ್ಟಿಗೆ ಹೋದಳು.

ಆಟ ಶುರುವಾಗಿ ಇನ್ನೂ ಕಾಲು ಬಿಸಿಯಾಗಿರಲಿಲ್ಲ. ಟೀಚರು ಪೆಟ್ಟಿಗೆ ನೋಡಿದರು: ಹದಿಮೂರು. ತಿರುಗಿ ನೋಡಿದರು: ಹದಿಮೂರು! ಎದೆ ಹಾರಿತು. ತಲೆ "ತಡಿ, ನಿನ್ನ ಭ್ರಮೆ" ಎಂದಿತು. ಅದು ಮಾತು ಮುಗಿಸುವ ಮೊದಲೇ ಸೀಟಿ ಊದಿಯಾಗಿತ್ತು.

ಆಟ ನಿಂತಿತು. ಎಲ್ಲರೂ ಪೆಟ್ಟಿಗೆ ನೋಡಿದರು. ಹನ್ನೆರಡು, ಹನ್ನೊಂದು. ಮಹೇಶ್ವರಪ್ಪನವರು ಗುಂಡಿಯನ್ನು ಎರಡೂ ಹೆಬ್ಬೆರಳಿನಿಂದ ಅಮುಕಿ ಹಿಡಿದಿದ್ದರು. ಎಲ್ಲರೂ ತಮ್ಮ ಕಡೆ ನೋಡುವುದು ಕಂಡು ಗಾಬರಿಯಿಂದ ಬಿಟ್ಟರು, ಅಂಕಿ ಹನ್ನೊಂದರಲ್ಲಿ ನಿಂತಿತು.

"ಓಡ್ತಿತ್ತಲ್ಲ ಟೀಚರ್!" ರಮ್ಯ ಕಾಲು ಅಪ್ಪಳಿಸಿದಳು. "ರಿಂಗಿನ ಕೆಳಗೆ ಒಬ್ಬಳೇ ಇದ್ದೆ ನಾನು!"

ಆ ಬದಿಯಿಂದ ಗಂಗಾಧರಪ್ಪ ಕೂಗಿದರು. "ಸುಮ್ಸುಮ್ನೆ ನಿಲ್ಲಿಸಿದ್ರೂ ತಪ್ಪೇ ಟೀಚರ್!"

"ಗೊತ್ತು ಸರ್," ಎಂದರು ಸರ್ವಮಂಗಳ. ಕೆನ್ನೆ ಉರಿಯುತ್ತಿತ್ತು. ಚೆಂಡನ್ನು ಪಕ್ಕದ ಗೆರೆಯ ಹತ್ತಿರ ರಮ್ಯಳ ಕೈಗೇ ಕೊಟ್ಟರು. "ಚೆಂಡು ನಿಮ್ಮದೇ. ಹನ್ನೊಂದು ಸೆಕೆಂಡು ಉಳಿದಿದೆ, ಸರಿಯಾಗಿ ನೋಡ್ಕೊ," ಎಂದು ಸೀಟಿಯನ್ನು ಮತ್ತೆ ಹಲ್ಲಿನ ನಡುವೆ ಕಚ್ಚಿಕೊಂಡರು.